ಆಕ್ಟಿವಿಟಿ ಪಾಯಿಂಟ್‌ಗೆ ಸಸಿಯೇ ಆಗಬೇಕೆ?

ಮಾನ್ಯ ಸಂಪಾದಕರೇ,

ಬಿ.ಇ. ವಿದ್ಯಾರ್ಥಿಗಳು ಪದವಿ ಮುಗಿಸುವಷ್ಟರಲ್ಲಿ 100 ಆಕ್ಟಿವಿಟಿ ಪಾಯಿಂಟ್ ಗಳಿಸಬೇಕೆಂಬ, ಅಂದರೆ ಸಮಾಜಸೇವೆಯಂಥ ಚಟುವಟಿಕೆ ಮಾಡಬೇಕೆಂಬ ನಿಯಮ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯದು (ಎಐಸಿಟಿಇ). ಉದ್ದೇಶ ಒಳ್ಳೆಯದೇ. ಆದರೆ ಮಂಡ್ಯದಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದಾಗ ನಾನು ಕಂಡದ್ದು ಒಂದೇ ಹೊಂಗೆ ಸಸಿ, ಅದರ ಪಕ್ಕ ಸರದಿಯಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ಹುಡುಗರು. ಸಸಿಗೆ ನೀರು ಹಾಕಿದ್ದು ನಮ್ಮ ಅಟೆಂಡರ್.

ಕಂಪ್ಯೂಟರ್ ಸೈನ್ಸ್ ಓದುವವರಿಗೆ ಅವರದೇ ವಿದ್ಯೆಯಲ್ಲಿ ಮಾಡಬಹುದಾದ ಸೇವೆಯೊಂದಿದೆ. ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮಾಡ್ಯೂಲ್‌ಗಳು, ಅಂದರೆ ಬೇರೆಯವರೂ ಬಳಸಬಹುದಾದ ಸಿದ್ಧ ಕೋಡಿನ ಕಟ್ಟುಗಳು, ಸಿಪ್ಯಾನ್ ಎಂಬ ಭಂಡಾರದಲ್ಲಿ 1995ರಿಂದ ಉಚಿತವಾಗಿ ಸಿಗುತ್ತಿವೆ. ಯಾರಾದರೂ ಹೊಸ ಮಾಡ್ಯೂಲ್ ಹಾಕಿದರೆ, ಸಿಪ್ಯಾನ್ ಟೆಸ್ಟರ್ಸ್ ಎಂಬ ಸ್ವಯಂಸೇವಕರ ಯಂತ್ರಗಳು ಅದನ್ನು ಇಳಿಸಿಕೊಂಡು, ಕೋಡ್ ಸರಿಯಿದೆಯೇ ಎಂದು ನೋಡಲು ಬರೆದವರೇ ಜೊತೆಗಿಟ್ಟ ಟೆಸ್ಟ್‌ಗಳನ್ನು ಓಡಿಸಿ, ಪಾಸೋ ಫೇಲೋ ಎಂದು ವರದಿ ಕಳಿಸುತ್ತವೆ. 1998ರಲ್ಲಿ ಶುರುವಾದ ಕೆಲಸ, ಸಂಬಳವಿಲ್ಲ. ಮಾಡ್ಯೂಲ್ ಬರೆದವರ ಹತ್ತಿರ ಇರುವುದು ಒಂದು ಲ್ಯಾಪ್‌ಟಾಪ್. ವಿಂಡೋಸ್, ಫ್ರೀಬಿಎಸ್‌ಡಿ, ನಾನಾ ಲಿನಕ್ಸ್‌ಗಳು ಎಂಬ ಆಪರೇಟಿಂಗ್ ಸಿಸ್ಟಂಗಳು, ಒಂದೊಂದರಲ್ಲೂ ಪರ್ಲ್‌ನ ಹಳೆ ಹೊಸ ಆವೃತ್ತಿಗಳು, ಇಷ್ಟನ್ನೂ ಒಬ್ಬರೇ ಮನೆಯಲ್ಲಿ ಇಟ್ಟುಕೊಳ್ಳಲಾದೀತೆ?

ಕುವೆಂಪುನಗರದ ನಮ್ಮ ಮನೆಯಲ್ಲಿ, ಹರಾಜಿನಲ್ಲಿ ಕೊಂಡ 32 ಬಿಟ್‌ನ ಡೆಸ್ಕ್‌ಟಾಪ್ ಒಂದು ಈ ಕೆಲಸಕ್ಕೆಂದೇ ಇದೆ. 'ಈ ಗುಜರಿಗೂ ಕರೆಂಟ್ ಬಿಲ್ ಕಟ್ಟಬೇಕಾ' ಎಂದು ಮನೆಯವರು ಕೇಳುವುದುಂಟು. ಒಮ್ಮೆ ಸಮಯದ ಲೆಕ್ಕ ಹಾಕುವ ಮಾಡ್ಯೂಲೊಂದು ಉಳಿದೆಲ್ಲರಲ್ಲಿ ಪಾಸಾಗಿ ನನ್ನಲ್ಲಿ ಮಾತ್ರ ಫೇಲಾಯಿತು. ಟೆಸ್ಟ್ ಓಡಿದ ದಾಖಲೆಯಾದ ಲಾಗ್ ಬಿಚ್ಚಿ ನೋಡಿದರೆ, ಬರಬೇಕಿದ್ದದ್ದು +0530, ಅಂದರೆ ಯುಟಿಸಿ ಎಂಬ ವಿಶ್ವ ಪ್ರಮಾಣ ಸಮಯಕ್ಕಿಂತ ಐದೂವರೆ ಗಂಟೆ ಮುಂದಿರುವ ನಮ್ಮ ಸಮಯ; ಬಂದದ್ದು +0500. ಯುಟಿಸಿಗೂ ಸ್ಥಳೀಯ ಸಮಯಕ್ಕೂ ಇರುವ ಅಂತರವನ್ನು ಬರೆದವರು 3600 ಸೆಕೆಂಡಿನಿಂದ ಭಾಗಿಸಿ ಶೇಷವನ್ನು ಕೈಬಿಟ್ಟಿದ್ದರು. ಅವರ ಊರಿನಲ್ಲಿ ಅಂತರ ಪೂರ್ತಿ ಗಂಟೆಯದು, ಶೇಷವೇ ಉಳಿಯುವುದಿಲ್ಲ. ಸರ್ವರ್‌ಗಳ ಗಡಿಯಾರವೋ ಸಾಮಾನ್ಯವಾಗಿ ಯುಟಿಸಿಯಲ್ಲೇ ಇರುತ್ತದೆ. ನಮ್ಮ ಅರ್ಧ ಗಂಟೆ ಅವರ ಕಣ್ಣಿಗೆ ಬೀಳುವುದಾದರೂ ಹೇಗೆ? ವರದಿ ಹೋದ ಮೇಲೆ ಮುಂದಿನ ಆವೃತ್ತಿಯಲ್ಲಿ ಸರಿಪಡಿಸಿದರು.

ಮಾಡ್ಯೂಲ್ ಇದ್ದ ಹಾಗೇ ಇದ್ದರೂ ಅದರ ಕೆಳಗಿನ ಪರ್ಲ್ ಬದಲಾಗುತ್ತಿರುತ್ತದೆ. 2013ರ ಪರ್ಲ್ 5.18 ಆವೃತ್ತಿಯಲ್ಲಿ ಹ್ಯಾಷ್‌ನ (ಕೀ ಎಂಬ ಹೆಸರಿಗೊಂದು ಬೆಲೆ ಜೋಡಿಸಿಟ್ಟ ಪಟ್ಟಿಯ) ಕೀಗಳ ಕ್ರಮ ಓಡಿಸಿದಾಗಲೆಲ್ಲ ಬೇರೆಯಾಗುವಂತೆ ಮಾಡಿದರು. ಅಲ್ಲಿಯವರೆಗೆ ಒಂದೇ ಕ್ರಮವನ್ನು ನಂಬಿ ಅದೃಷ್ಟದ ಮೇಲೆ ಪಾಸಾಗುತ್ತಿದ್ದ ಟೆಸ್ಟ್‌ಗಳು ಒಂದು ಸಲ ಪಾಸು, ಇನ್ನೊಂದು ಸಲ ಫೇಲು. 2017ರ 5.26ರಲ್ಲಿ, ಮಾಡ್ಯೂಲ್ ಹುಡುಕುವ ಜಾಗಗಳ ಪಟ್ಟಿಯಿಂದ ಸದ್ಯ ಕೆಲಸ ನಡೆಯುತ್ತಿರುವ ಡೈರೆಕ್ಟರಿಯನ್ನು (ಫೋಲ್ಡರನ್ನು) ಭದ್ರತೆಯ ಕಾರಣಕ್ಕೆ ತೆಗೆದರು. ತನ್ನ ಮಗ್ಗುಲಲ್ಲೇ ಇರುವ ಫೈಲ್ ಕಾಣದೆ ಹಳೆಯ ಮಾಡ್ಯೂಲ್‌ಗಳು ಇನ್‌ಸ್ಟಾಲ್ ಆಗುವಾಗಲೇ ಮುಗ್ಗರಿಸಿದವು. ಇಂಥವು ಗೊತ್ತಾಗುವುದು ಯಾರಾದರೂ ಕೂತು ಓಡಿಸಿದಾಗ ಮಾತ್ರ.

ಈಗೆಲ್ಲ ಪೈಥಾನ್, ಪರ್ಲ್ ಯಾರಿಗೆ ಬೇಕು ಎನ್ನುವವರಿದ್ದಾರೆ. ಪೈಥಾನೇ ಆಗಲಿ, ನನ್ನದೇನೂ ತಕರಾರಿಲ್ಲ. ಫೇಲಾದ ಲಾಗ್ ಓದಿ, ತಪ್ಪು ಮಾಡ್ಯೂಲಿನದೋ ನಮ್ಮ ಯಂತ್ರದ್ದೋ ಎಂದು ಬಿಡಿಸುವುದನ್ನು ಮಕ್ಕಳು ಕಲಿಯಬೇಕು. ಡಿಸ್ಕ್ ತುಂಬಿ ಬಂದ ಫೇಲನ್ನು ಕಣ್ಣುಮುಚ್ಚಿ ಕಳಿಸಿದರೆ, ಎಲ್ಲೋ ಒಬ್ಬರು ಇಲ್ಲದ ತಪ್ಪಿಗಾಗಿ ಭಾನುವಾರವಿಡೀ ತಡಕಾಡುತ್ತಾರೆ. ಪಾಯಿಂಟ್ ಕೊಡುವುದಾದರೆ ವರದಿಗಳ ಸಂಖ್ಯೆ ನೋಡಿ ಕೊಡಬೇಡಿ. ಸಂಖ್ಯೆಯನ್ನು ಯಂತ್ರವೇ ಗುಡ್ಡೆ ಹಾಕುತ್ತದೆ. ಒಂದು ಫೇಲಿನ ಕಾರಣ ಹುಡುಕಿ, ಬರೆದವರಿಗೆ ಅರ್ಥವಾಗುವಂತೆ ತಿಳಿಸಿದವರಿಗೆ ಕೊಡಿ.

ಕಾಲೇಜಿನವರಲ್ಲಿ ಎರಡು ಕೋರಿಕೆ. ಹಳೆಯ ಯಂತ್ರಗಳನ್ನೆಲ್ಲ ಒಟ್ಟಿಗೇ ಹರಾಜಿಗೆ ಹಾಕದೆ 32 ಬಿಟ್‌ನ ಒಂದೆರಡನ್ನಾದರೂ ಉಳಿಸಿಕೊಳ್ಳಿ. 32 ಬಿಟ್‌ನಲ್ಲಿ ಹಿಡಿಸುವ ಪೂರ್ಣಾಂಕದ ಮಿತಿ ಸುಮಾರು 214 ಕೋಟಿ; ಅದನ್ನು ದಾಟಿದ ಸಂಖ್ಯೆಗೆ ಎಡವುವ ಕೋಡ್ ಸಿಕ್ಕಿಬೀಳುವುದು ಅವುಗಳಲ್ಲೇ. ಹಾಗೆಯೇ, ಟೆಸ್ಟ್ ಓಡಿಸುವುದೆಂದರೆ ಗುರುತಿಲ್ಲದವರ ಕೋಡನ್ನು ನಮ್ಮ ಯಂತ್ರದೊಳಗೆ ಬಿಟ್ಟುಕೊಂಡಂತೆ. ಇಂಟರ್ನಲ್ ಮಾರ್ಕ್ಸ್ ಇಟ್ಟಿರುವ ಕಂಪ್ಯೂಟರಿನಲ್ಲಿ ಖಂಡಿತ ಬೇಡ. ಇದಕ್ಕೆಂದೇ ಬೇರೆ ಯಂತ್ರವಿರಲಿ, ಆಗದಿದ್ದರೆ ಕಂಪ್ಯೂಟರಿನೊಳಗೇ ಸಾಫ್ಟ್‌ವೇರಿನಿಂದ ಕಟ್ಟಿದ ಪ್ರತ್ಯೇಕ ಕಂಪ್ಯೂಟರ್, ಅಂದರೆ ವರ್ಚುವಲ್ ಮಷೀನಾದರೂ ಇರಲಿ.

ಮೈಸೂರು, ಮಂಡ್ಯದ ಯಾವ ಕಾಲೇಜು ಕರೆದರೂ ಶನಿವಾರ ಬಂದು ಮೊದಲ ಯಂತ್ರ ಸಜ್ಜು ಮಾಡಿಕೊಡುತ್ತೇನೆ. ರೈಲು ಚಾರ್ಜು ಬೇಡ, ಆ ಒಂದು ಯಂತ್ರದ ಅಡ್ಮಿನ್ ಪಾಸ್‌ವರ್ಡ್ ಕೊಟ್ಟರೆ ಸಾಕು.

ಇತಿ,
ನಿವೃತ್ತ ಲ್ಯಾಬ್ ಇನ್‌ಸ್ಟ್ರಕ್ಟರ್
ಕುವೆಂಪುನಗರ, ಮೈಸೂರು