ನಮ್ಮ ಪೋಲಿಯೊ ಅಜ್ಜಿಗೆ ಸಲ್ಲಬೇಕಾದ ಗೌರವ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಮ್ಮ ವಾರ್ಡಿನ ಹಿರಿಯ ಹೆಣ್ಣುಮಗಳೊಬ್ಬರನ್ನು ಸರ್ಕಾರ ಗೌರವಿಸಬೇಕು, ಅದಕ್ಕೆ ನೀವು ಮುಂದೆ ನಿಲ್ಲಬೇಕು ಎಂದು ಕೇಳಿಕೊಳ್ಳಲು ಈ ಪತ್ರ. ಅವರಿಗೀಗ 78 ವರ್ಷ. ಬೀದಿಯ ಮಕ್ಕಳಿಗೆಲ್ಲ ಅವರು ಪೋಲಿಯೊ ಅಜ್ಜಿ. ಹತ್ತು ಜನರೆದುರು ತಮ್ಮ ಮಾತು ಬಂದರೆ ಎದ್ದು ಒಳಗೆ ಹೋಗುವ ಜೀವ, ಹಾಗಾಗಿ ಹೆಸರನ್ನು ಇಲ್ಲಿ ಬರೆದಿಲ್ಲ. ನಿಮ್ಮ ಕಚೇರಿಗೆ ಕೊಟ್ಟಿರುವ ಮನವಿಯಲ್ಲಿ ಹೆಸರು, ವಿಳಾಸ ಎರಡೂ ಇವೆ.

1990ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಐಪಿಪಿ-8 (ಭಾರತ ಜನಸಂಖ್ಯಾ ಯೋಜನೆ) ಅಡಿ ಬೆಂಗಳೂರಿನ ಕೊಳೆಗೇರಿಗಳ ಆಸುಪಾಸಿನಲ್ಲಿ ಆರೋಗ್ಯ ಕೇಂದ್ರಗಳು ಶುರುವಾದವು. ಕೇಂದ್ರಕ್ಕೂ ಮನೆಗಳಿಗೂ ನಡುವೆ ಓಡಾಡಲು ಆಯಾ ಕೇರಿಯ ಹೆಂಗಸರನ್ನೇ ಲಿಂಕ್ ವರ್ಕರ್ ಎಂದು ತೆಗೆದುಕೊಂಡರು. ಇವರು ಆಗ ಸೇರಿದವರು. ದೇಶದಲ್ಲಿ ಆಶಾ ಕಾರ್ಯಕರ್ತೆಯರು ಬಂದದ್ದು 2005ರ ನಂತರ, ಅದೂ ಮೊದಲು ಹಳ್ಳಿಗಳಿಗೆ. ಅದಕ್ಕೂ ಮುಂಚಿನಿಂದಲೇ ನಮ್ಮ ಕೇರಿಯಲ್ಲಿ ಯಾರಿಗೆ ಎಷ್ಟನೇ ತಿಂಗಳು, ಯಾವ ಕೂಸಿಗೆ ಯಾವ ಚುಚ್ಚುಮದ್ದು ಬಾಕಿ ಎನ್ನುವುದೆಲ್ಲ ಇವರ ನಾಲಿಗೆ ತುದಿಯಲ್ಲಿತ್ತು. ರಾತ್ರಿ ನೋವು ಕಾಣಿಸಿಕೊಂಡವರನ್ನು ಆಟೊದಲ್ಲಿ ಕೂರಿಸಿಕೊಂಡು ವಾಣಿ ವಿಲಾಸ ಆಸ್ಪತ್ರೆಗೆ ಕರೆದೊಯ್ದು, ಹೆರಿಗೆಯಾಗುವ ತನಕ ಹೊರಗೆ ಕಾದು ಕೂತವರು. ನನ್ನ ತಮ್ಮ ಹುಟ್ಟಿದ್ದೂ ಹಾಗೆಯೇ. ಕೆಲಸ ಕಾಯಂ ಅಲ್ಲ, ಪಿಂಚಣಿ ಇಲ್ಲ, ಗೌರವಧನ ಅಂತ ಕೈಗೆ ಬರುತ್ತಿದ್ದದ್ದು ಚಿಲ್ಲರೆ ಹಣ.

ಪೋಲಿಯೊ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಪಲ್ಸ್ ಪೋಲಿಯೊ 1995ರಲ್ಲಿ ಶುರುವಾಯಿತು. ಬೂತಿಗೆ ಬಂದವರಿಗೆ ಹನಿ ಹಾಕುವುದು ಸುಲಭ, ಬಾರದವರನ್ನು ಹುಡುಕುವುದೇ ನಿಜವಾದ ಕೆಲಸ. ಇವರು ಹೆಗಲಿಗೆ ಐಸ್ ಡಬ್ಬಿ ಹಾಕಿಕೊಂಡು ಮನೆಮನೆ ಹತ್ತಿ ಇಳಿಯುತ್ತಿದ್ದರು. ಲಸಿಕೆಯ ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತದೆ, ವೃತ್ತದ ಬಣ್ಣಕ್ಕೆ ಬಂತೆಂದರೆ ಆ ಸೀಸೆ ಬಳಸುವಂತಿಲ್ಲ. ಪ್ರತಿ ಮಗುವಿಗೂ ಮುಂಚೆ ಸೀಸೆಯನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿಯೇ ಅವರು ಮುಚ್ಚಳ ತೆಗೆಯುತ್ತಿದ್ದದ್ದು. ಆಮೇಲೆ ಎರಡು ಹನಿ, ಎಡಗೈ ಕಿರುಬೆರಳಿಗೆ ಗುರುತು. ಹೊರಡುವಾಗ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಮನೆಯ ಮಕ್ಕಳಿಗೆಲ್ಲ ಆಗಿದ್ದರೆ ‘ಪಿ’, ಒಂದು ಮಗು ತಪ್ಪಿದರೂ ‘ಎಕ್ಸ್’. ಎಕ್ಸ್ ಹಾಕಿದ ಬಾಗಿಲಿಗೆ ಸಂಜೆ ಮತ್ತೆ ಹೋಗುತ್ತಿದ್ದರು.

ಕಟ್ಟಡಗಳ ಪಕ್ಕದ ಶೆಡ್ಡುಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ಕೂಲಿಯವರು ಇರುತ್ತಿದ್ದರು. ಬೆಳಕು ಹರಿಯುವಷ್ಟರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕೆಲಸಕ್ಕೆ ಹೊರಡುವ ಜನ. ಅವರಿಗಿಂತ ಮುಂಚೆ ಇವರು ಅಲ್ಲಿರುತ್ತಿದ್ದರು. ಹನಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಗಾಳಿಮಾತು ಒಮ್ಮೆ ಜೋರಾಗಿ ಹಬ್ಬಿತ್ತು. ವಾದ ಮಾಡಲಿಲ್ಲ ಅವರು. ಸ್ವಂತ ಮೊಮ್ಮಗಳನ್ನು ಎತ್ತಿಕೊಂಡು ಬಂದು, ಎಲ್ಲರೆದುರು ಅವಳ ಬಾಯಿಗೆ ಹನಿ ಬಿಟ್ಟು, "ನೋಡ್ರವ್ವಾ, ಇವಳು ನನ್ನ ಮಗಳ ಮಗಳು" ಅಂದರು. ಅಷ್ಟೇ. ಶೆಡ್ಡಿನ ಹೆಂಗಸರು ಒಬ್ಬೊಬ್ಬರೇ ಕೂಸುಗಳನ್ನು ತಂದರು.

2009ರಲ್ಲಿ ದೇಶದಲ್ಲಿ 741 ಪೋಲಿಯೊ ಪ್ರಕರಣಗಳಿದ್ದವು. 2010ರಲ್ಲಿ 42. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಪತ್ತೆಯಾದದ್ದೇ ಕೊನೆಯದು. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಅದರ ಹಿಂದೆ ಬಾಗಿಲು ಬಡಿದ ಲಕ್ಷಾಂತರ ಕೈಗಳಿವೆ, ಅವುಗಳಲ್ಲಿ ಒಂದು ನಮ್ಮ ಬೀದಿಯದು.

ಇನ್ನು ನಮ್ಮ ತೊಡಕು ಹೇಳುತ್ತೇನೆ. ಹಿಂದೊಮ್ಮೆ ಒಂದು ಪ್ರಶಸ್ತಿಗೆ ಇವರ ಹೆಸರು ಕೊಡಲು ನಾವು ಕೆಲವರು ಹೋಗಿದ್ದೆವು. ಅಲ್ಲಿದ್ದವರು ಕೇಳಿದ್ದು ಸೇವಾ ದಾಖಲೆ, ಹಿಂದೆ ಪಡೆದ ಪ್ರಶಸ್ತಿಗಳ ಪಟ್ಟಿ, ಪತ್ರಿಕೆಗಳಲ್ಲಿ ಬಂದ ವರದಿಯ ತುಣುಕು. ಇವರ ಬಳಿ ಒಂದೂ ಇಲ್ಲ. ಆಗಿನ ಗುರುತಿನ ಚೀಟಿಯೊಂದಿತ್ತು, ಮಳೆನೀರು ಮನೆಗೆ ನುಗ್ಗಿದಾಗ ಹೋಯಿತು. ಸನ್ಮಾನ ಮಾಡಿಸಿಕೊಳ್ಳುತ್ತ ಬಂದವರ ಹತ್ತಿರ ಫೈಲು ದಪ್ಪಗಿರುತ್ತದೆ. ದುಡಿಯುತ್ತಲೇ ಇದ್ದವರಿಗೆ ಫೈಲು ಮಾಡುವ ಪುರುಸೊತ್ತು ಎಲ್ಲಿಂದ ಬರಬೇಕು? ಅವರು ಮಾಡಿದ ಕೆಲಸಕ್ಕೆ ಸಾಕ್ಷಿ ನಾವು. ನಮ್ಮ ಮಾತನ್ನೇ ದಾಖಲೆಯೆಂದು ಒಪ್ಪಿಸಿಕೊಡುವ ಶಕ್ತಿ ನಿಮಗಿದೆ.

ದಯವಿಟ್ಟು ನಿಮ್ಮ ಕಡೆಯಿಂದ ಒಬ್ಬರನ್ನು ಕಳುಹಿಸಿ ಬೀದಿಯವರ ಹೇಳಿಕೆಗಳನ್ನು ಬರೆಸಿಕೊಳ್ಳಿ. ಅದಕ್ಕೆ ನಿಮ್ಮ ಶಿಫಾರಸು ಪತ್ರ ಸೇರಿಸಿ ಕೆಂಪೇಗೌಡ ಪ್ರಶಸ್ತಿಗೂ ರಾಜ್ಯೋತ್ಸವ ಪ್ರಶಸ್ತಿಗೂ ಕಳುಹಿಸಿ. ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ ಹೆಸರು ಸೂಚಿಸಬಹುದು, 800 ಪದ ಮೀರದಂತೆ ಸಾಧನೆ ಬರೆಯಬೇಕು. ಅದನ್ನು ನಾವು ಬರೆಯುತ್ತೇವೆ. ತಡ ಮಾತ್ರ ಮಾಡಬೇಡಿ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ, ಅದೇ ವರ್ಷದ ಡಿಸೆಂಬರ್ 25ಕ್ಕೆ ಅವರು ತೀರಿಕೊಂಡರು.

ಆರೋಗ್ಯ ಕೇಂದ್ರದ ಲಸಿಕೆ ಕೋಣೆಯ ಹೊರಗೆ ಅಂದಿನ ಲಿಂಕ್ ವರ್ಕರುಗಳೆಲ್ಲರ ಹೆಸರಿನ ಫಲಕವೊಂದನ್ನು ಹಾಕಿಸಿ. ಇವರೊಬ್ಬರದ್ದೇ ಹಾಕಿದರೆ ಇವರೇ ಒಪ್ಪುವುದಿಲ್ಲ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಾಗ, ಮಂಡಿನೋವಿನಲ್ಲೂ ಬಸ್ಸು ಹತ್ತಿ ಹೋಗಿ ಅವರ ಜೊತೆ ಕೂತು ಬಂದವರು ಇವರು.

ಶಾಲು, ಹಾರ, ಹಣ್ಣಿನ ಬುಟ್ಟಿ ಬೇಡವೆನ್ನುತ್ತಿಲ್ಲ, ನಮ್ಮ ಕೈಯಿಂದಲೂ ಹೊದಿಸುತ್ತೇವೆ. ಆದರೆ ಸಂಧ್ಯಾ ಸುರಕ್ಷಾ ವೃದ್ಧಾಪ್ಯ ವೇತನದ 1,200 ರೂಪಾಯಿಯಲ್ಲಿ ತಿಂಗಳು ತಳ್ಳುತ್ತಿರುವವರಿಗೆ ಶಾಲಿಗಿಂತ ಮಾಸಾಶನ ಮುಖ್ಯ. ಲಿಂಕ್ ವರ್ಕರುಗಳಾಗಿ ದುಡಿದು ಈಗ ವಯಸ್ಸಾದವರಿಗೆ ಪಾಲಿಕೆಯಿಂದ ಮಾಸಾಶನ ಕೊಡಿಸುವ ವಿಚಾರವನ್ನು ಸದನದಲ್ಲಿ ಎತ್ತಿ. ಬೆಂಗಳೂರಿನಲ್ಲಿ ಅಂಥವರು ಈಗ ಎಷ್ಟು ಮಂದಿ ಉಳಿದಿದ್ದಾರೆ ಎಂಬ ಲೆಕ್ಕವನ್ನಾದರೂ ಮೊದಲು ತೆಗೆಸಿ.

ನೀವೇ ಅವರನ್ನು ನೋಡಲು ಬರುವುದಾದರೆ ಬೆಳಿಗ್ಗೆ ಹತ್ತರೊಳಗೆ ಬನ್ನಿ. ಆಮೇಲೆ ಅವರು ಅಂಗನವಾಡಿಯ ಕಡೆ ಹೋಗಿಬಿಡುತ್ತಾರೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು, ಅಜ್ಜಿಯ ಕೈಯಿಂದ ಹನಿ ಹಾಕಿಸಿಕೊಂಡವಳು