ಅವ್ವನ ಸೊಂಟದೊಳಗಿನ ಕೀಲು ಯಾವುದು? ಹುನಗುಂದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮ್ಮ ಅವ್ವ ಇಳಕಲ್ಲಿನಲ್ಲಿ ಮೂವತ್ತು ವರ್ಷ ಕುಣಿ ಮಗ್ಗ ತುಳಿದವಳು. ಆರು ವರ್ಷದ ಹಿಂದೆ ಸರ್ಕಾರಿ ಯೋಜನೆಯಲ್ಲಿ ಅವಳ ಎಡ ಸೊಂಟದ ಕೀಲನ್ನು ಬದಲಿಸಿದರು. ಉಪಕಾರ ಮರೆತಿಲ್ಲ. ಈಗ ತೊಡೆಸಂದು ಮತ್ತೆ ನೋಯುತ್ತಿದೆ. ಎಕ್ಸ್‌ರೇ ನೋಡಿದ ಬೇರೆ ವೈದ್ಯರು ಮೊದಲು ಕೇಳಿದ್ದು, "ಒಳಗೆ ಯಾವ ಕಂಪನಿಯ ಕೀಲು ಇದೆ?" ಅವ್ವ ನನ್ನ ಮುಖ ನೋಡಿದಳು, ನಾನು ಬಿಡುಗಡೆಯ ಚೀಟಿ ನೋಡಿದೆ. ಅದರಲ್ಲಿ ಏನೂ ಬರೆದಿರಲಿಲ್ಲ.

ಇಂದಿನ ಕೃತಕ ಸೊಂಟದ ಕೀಲಿಗೆ ದಾರಿ ಹಾಕಿದ ವೈದ್ಯ ಜಾನ್ ಚಾರ್ನ್ಲಿ 1911ರಲ್ಲಿ ಇಂಗ್ಲೆಂಡಿನ ಲ್ಯಾಂಕಾಶೈರಿನಲ್ಲಿ ಹುಟ್ಟಿದವರು. ಅದು ಜವಳಿ ಗಿರಣಿಗಳ ಸೀಮೆ. ನಮ್ಮ ಕೈಮಗ್ಗಗಳ ಹೊಟ್ಟೆಯ ಮೇಲೆ ಹೊಡೆದ ಸೀಮೆಯೂ ಹೌದು, ಇರಲಿ. ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಅವರು ಸುಮಾರು 300 ಮಂದಿಗೆ ಲೋಹದ ಗುಂಡು, ಅದು ತಿರುಗಲು ಟೆಫ್ಲಾನ್ ಎಂಬ ನುಣುಪು ಪ್ಲಾಸ್ಟಿಕ್ಕಿನ ಬಟ್ಟಲು ಕೂರಿಸಿದರು. ಕುಂಟುತ್ತ ಬಂದವರು ನೆಟ್ಟಗೆ ನಡೆದು ಹೋದರು. ಕೆಲವೇ ವರ್ಷಗಳಲ್ಲಿ ಬಟ್ಟಲುಗಳು ಸವೆದವು, ಉದುರಿದ ಪುಡಿ ಸುತ್ತಲಿನ ಅಂಗಾಂಶವನ್ನು ಕೆಡಿಸಿತು. ಚಾರ್ನ್ಲಿ ಅದನ್ನು ಮುಚ್ಚಿಡಲಿಲ್ಲ. ಟೆಫ್ಲಾನ್ ತುಣುಕನ್ನು ತಮ್ಮದೇ ತೊಡೆಯೊಳಗೆ ಹುಗಿದುಕೊಂಡು ಪರೀಕ್ಷಿಸಿದರು. ಕೆಟ್ಟ ಕೀಲುಗಳನ್ನು ಬಿಚ್ಚಿ ಮತ್ತೆ ಶಸ್ತ್ರಚಿಕಿತ್ಸೆ ಮಾಡಿದರು.

1962ರಲ್ಲಿ ವ್ಯಾಪಾರಿಯೊಬ್ಬ ಮಗ್ಗದ ಯಂತ್ರಗಳ ಹಲ್ಲುಚಕ್ರಕ್ಕೆ ಬಳಸುವ ಪಾಲಿಥಿಲೀನ್ ಎಂಬ ಇನ್ನೊಂದು ಪ್ಲಾಸ್ಟಿಕ್ಕನ್ನು ತಂದು ತೋರಿಸಿದ. ಚಾರ್ನ್ಲಿ ಉಗುರಿನಿಂದ ಒತ್ತಿ ನೋಡಿ ಬೇಡವೆಂದರು. ಅವರ ತಂತ್ರಜ್ಞ ಹ್ಯಾರಿ ಕ್ರೇವನ್ ಮಾತ್ರ ಅದನ್ನು ಉಜ್ಜುವ ಯಂತ್ರಕ್ಕೆ ಹಾಕಿಯೇಬಿಟ್ಟ. ಸವೆತ ಅತ್ಯಲ್ಪ! ಅದೇ ನವೆಂಬರಿನಲ್ಲಿ ಅದು ರೋಗಿಯ ಮೈ ಸೇರಿತು. ಅವ್ವನಿಗೆ ಈ ಕಥೆ ಹೇಳಿದಾಗ, "ಮಗ್ಗ ನನ್ನ ಬೆನ್ನು ಬಿಡಲಿಲ್ಲ ನೋಡು" ಎಂದು ನಕ್ಕಳು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ತೀರಿಕೊಂಡ ಮೇಲೆ ಕೀಲನ್ನು ಪರೀಕ್ಷೆಗೆ ಕೊಡಿ ಎಂದು ಚಾರ್ನ್ಲಿ ರೋಗಿಗಳನ್ನು ಕೇಳಿಕೊಳ್ಳುತ್ತಿದ್ದರು, ಅನೇಕರು ಒಪ್ಪಿದರು. ಆ ವೈದ್ಯರಿಗೆ ತಾವು ಹಾಕಿದ ಕೀಲಿನ ಲೆಕ್ಕ ಸಾವಿನ ಆಚೆಗೂ ಬೇಕಾಗಿತ್ತು. ನಮಗೆ ಬದುಕಿರುವವರದೇ ಲೆಕ್ಕ ಸಿಗುತ್ತಿಲ್ಲ. ಇಳಕಲ್ ಸೀರೆಗೆ ಭೌಗೋಳಿಕ ಗುರುತಿದೆ. ಅದನ್ನು ನೇಯ್ದವಳ ಮೈಯೊಳಗಿನ ಕೀಲಿಗೆ ಗುರುತಿಲ್ಲ.

ಕೀಲಿನ ಪೆಟ್ಟಿಗೆಯಲ್ಲಿ ಅಳತೆ, ತಯಾರಿಕೆಯ ಸಂಖ್ಯೆ ಇರುವ ಅಂಟುಚೀಟಿಗಳು ಬರುತ್ತವೆ. ಅವುಗಳಲ್ಲಿ ಒಂದನ್ನು ರೋಗಿಯ ಬಿಡುಗಡೆ ಚೀಟಿಗೆ ಅಂಟಿಸುವುದು ಕಡ್ಡಾಯವಾಗಲಿ ಎಂದು ಸದನದಲ್ಲಿ ಕೇಳಿ. ಕೀಲು ಬದಲಿಸಿಕೊಂಡವರಿಗೆ ವರ್ಷಕ್ಕೊಮ್ಮೆ ತಾಲ್ಲೂಕು ಆಸ್ಪತ್ರೆಯಲ್ಲೇ ಎಕ್ಸ್‌ರೇ ತೆಗೆಯುವ ಏರ್ಪಾಡೂ ಆಗಲಿ.

ಅವ್ವನ ಕಡತಕ್ಕಾಗಿ ಆಸ್ಪತ್ರೆಗೆ ಎರಡು ಅರ್ಜಿ ಕೊಟ್ಟಿದ್ದೇನೆ. ಮೂರನೆಯದರ ಪ್ರತಿಯನ್ನು ತಮ್ಮ ಕಚೇರಿಗೆ ತಂದುಕೊಡುತ್ತೇನೆ.

ಇಂತಿ,
ಇಳಕಲ್ಲಿನ ಒಬ್ಬ ನೇಕಾರ