ಈ ಸಲದ ಮೂನ್‌ಕೇಕ್ ಮತ್ತು ಹುಣ್ಣಿಮೆ ಊಟ: ಒಂದು ಬದಲಾವಣೆ

ಪ್ರಿಯ ಗ್ರಾಹಕರೇ,

ನಮಸ್ಕಾರ. ಚೀನೀಯರು ಹುಣ್ಣಿಮೆ ಚಂದ್ರನನ್ನು ನೋಡಿ, ಹೂರಣ ತುಂಬಿದ ಮೂನ್‌ಕೇಕ್ ತಿನ್ನುವ ಮಿಡ್ ಆಟಮ್ ಹಬ್ಬ 2026ರಲ್ಲಿ ಸೆಪ್ಟೆಂಬರ್ 25ಕ್ಕೆ, ಶುಕ್ರವಾರ ಬಂದಿದೆ. ಮನೆಯಲ್ಲಿ ಗಣೇಶನ ಕಡುಬು ಖಾಲಿಯಾಗುವಷ್ಟರಲ್ಲಿ ಸಿಂಗಪುರದ ಅಂಗಡಿಗಳಲ್ಲೆಲ್ಲ ಮೂನ್‌ಕೇಕ್ ಡಬ್ಬಿಗಳ ರಾಶಿ ಬಿದ್ದಿರುತ್ತದೆ. ನಮ್ಮ ಅಡುಗೆಮನೆಯಲ್ಲೂ ತಯಾರಿ ಶುರುವಾಗಿದೆ. ಆರ್ಡರ್ ತೆಗೆದುಕೊಳ್ಳುವ ಮೊದಲೇ ಒಂದು ವಿಷಯ ಹೇಳಿಬಿಡುತ್ತೇವೆ.

ಇನ್ನು ಮುಂದೆ ನಮ್ಮ ಹಬ್ಬದ ಮೂನ್‌ಕೇಕ್, ಹಬ್ಬದ ವಾರದ ಜಪಾನಿ ಊಟ ಎರಡೂ ಪೂರ್ತಿ ಸಸ್ಯಾಹಾರಿ. ಕೇಕಿನಲ್ಲಿ ಮೊಟ್ಟೆ ಇಲ್ಲ, ಹಂದಿ ಕೊಬ್ಬು ಇಲ್ಲ. ಊಟದಲ್ಲಿ ಮೀನಿನ ದಾಶಿ, ಅಂದರೆ ಸಾರಿಗೆ ಬಳಸುವ ಮೀನಿನ ಕಟ್ಟು, ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಇಷ್ಟು ದಿನ ಎರಡೂ ಬಗೆ ಮಾಡುತ್ತಿದ್ದೆವು. ಕೇಳಿದವರಿಗೆ ಸಸ್ಯಾಹಾರಿ, ಉಳಿದವರಿಗೆ ಮಾಮೂಲಿ. ಆ ಪದ್ಧತಿ ನಿಲ್ಲಿಸುತ್ತಿದ್ದೇವೆ.

ಯಾಕೆ ಅಂತ ಕೇಳುತ್ತೀರಿ, ಅಲ್ವಾ? ನಮ್ಮದು ಚಿಕ್ಕ ಅಡುಗೆಮನೆ. ಎಣ್ಣೆ ಬಾಣಲೆ ಒಂದೇ. ಒಲೆಯ ಮೇಲೆ ಎರಡು ದಾಶಿ ಪಾತ್ರೆ ಅಕ್ಕಪಕ್ಕ ಇಟ್ಟುಕೊಂಡು, ಸೌಟು ಬೇರೆ ಬೇರೆ ಇಟ್ಟುಕೊಂಡು, ಹಬ್ಬದ ರಾತ್ರಿಯ ಗಡಿಬಿಡಿಯಲ್ಲಿ ‘ಇದು ಶುದ್ಧ ಸಸ್ಯಾಹಾರಿ’ ಅಂತ ಎದೆ ತಟ್ಟಿ ಹೇಳುವುದು ಕಷ್ಟ. ಹೇಳುವುದಾದರೆ ನೂರಕ್ಕೆ ನೂರು ಹೇಳಬೇಕು. ಇಲ್ಲಾಂದ್ರೆ ಹೇಳಲೇಬಾರದು.

ಜಪಾನಿ ಊಟದಲ್ಲಿ ಈ ಗೊಂದಲ ಜಾಸ್ತಿ. ಸಿಂಗಪುರಕ್ಕೆ ಬಂದು ವರ್ಷಗಳಾದ ನಮ್ಮ ಕನ್ನಡದ ಗ್ರಾಹಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಗೆದಾಶಿ ತೋಫು ನೋಡೋಕೆ ಎಷ್ಟು ಸಾಧು! ಕರಿದ ತೋಫು, ಮೇಲೆ ಮೂಲಂಗಿ ತುರಿ, ಕೆಳಗೆ ತಿಳಿ ಸಾರು. ಆ ಸಾರಿನಲ್ಲೇ ಮೀನಿರುತ್ತದೆ. ಕತ್ಸುವೊಬುಶಿ ಅಂದರೆ ಬೇಯಿಸಿ, ಹೊಗೆ ಹಾಕಿ, ಮರದ ತುಂಡಿನ ಹಾಗೆ ಒಣಗಿಸಿದ ಮೀನು. ಅದನ್ನು ತೆಳ್ಳಗೆ ಹೆರೆದು ಬಿಸಿನೀರಿಗೆ ಹಾಕಿ ಸೋಸುತ್ತಾರೆ. ತಟ್ಟೆಯಲ್ಲಿ ಮೀನಿನ ಚೂರೂ ಕಾಣುವುದಿಲ್ಲ. ಹುದುಗಿಸಿದ ಸೋಯಾ ಪೇಸ್ಟಿನ ಮಿಸೋ ಸೂಪ್, ಸೋಬಾ ನೂಡಲ್ಸಿನ ಸಾರು, ಬೇಯಿಸಿದ ಕುಂಬಳಕಾಯಿ, ಹಿಟ್ಟಿನಲ್ಲಿ ಅದ್ದಿ ಕರಿದ ಟೆಂಪುರಾವನ್ನು ಅದ್ದಿಕೊಳ್ಳುವ ಸಾಸ್, ಎಲ್ಲದರ ಬುಡದಲ್ಲೂ ಸಾಮಾನ್ಯವಾಗಿ ಇದೇ ಕಟ್ಟು. ‘ಮಾಂಸ ಇಲ್ವಾ?’ ಅಂತ ಕೇಳಿದರೆ ‘ಇಲ್ಲ’ ಅನ್ನುವ ಉತ್ತರವೇ ಬರುತ್ತದೆ, ಅದು ಸುಳ್ಳೂ ಅಲ್ಲ!

ಇದು ಬರೀ ನಮ್ಮ ಕನ್ನಡದವರನ್ನು ನೋಡಿ ಮಾಡಿದ ತೀರ್ಮಾನ ಅಂದುಕೊಳ್ಳಬೇಡಿ. ನಮ್ಮ ಖಾಯಂ ಚೀನೀ ಗ್ರಾಹಕರಲ್ಲಿ ಬೌದ್ಧ ಮನೆತನದವರು ಬಹಳ ಮಂದಿ. ಅವರ ಪಂಚಾಂಗದ ತಿಂಗಳ ಮೊದಲ ದಿನ ಮತ್ತು 15ನೇ ದಿನ ಮಾಂಸ ಮುಟ್ಟದ ಮನೆಗಳಿವೆ. ಮಿಡ್ ಆಟಮ್ ಹಬ್ಬ ಬರುವುದೇ ಎಂಟನೇ ತಿಂಗಳ 15ಕ್ಕೆ. ಅಂಥ ಮನೆಯವರು ಹಬ್ಬದ ದಿನ ಕೊಬ್ಬು, ಮೊಟ್ಟೆ ಹಾಕಿದ ಕೇಕನ್ನು ಮಕ್ಕಳಿಗೆ ಕೊಟ್ಟು ತಾವು ಸುಮ್ನೆ ಚಹಾ ಕುಡಿಯುವುದನ್ನು ನೋಡಿದ್ದೇವೆ. ಈರುಳ್ಳಿ ಬೆಳ್ಳುಳ್ಳಿ ಬಿಡುವುದು ಅವರ ಕಟ್ಟುನಿಟ್ಟಿನ ಅಡುಗೆಯಲ್ಲೂ ಇದೆ, ಜಪಾನಿನ ಬೌದ್ಧ ಮಠಗಳ ಶೋಜಿನ್ ಅಡುಗೆಯಲ್ಲೂ ಇದೆ. ಈ ಸಲ ಭಾದ್ರಪದ ಹುಣ್ಣಿಮೆ ಮುಗಿದ ಕೂಡಲೇ ಪಿತೃಪಕ್ಷ. ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಆಗ ಈರುಳ್ಳಿ ಬುಟ್ಟಿ ಮೂಲೆ ಸೇರುತ್ತದೆ. ಮೂರು ಕಡೆಯವರೂ ಒಂದೇ ಮೇಜಿಗೆ ಕೂರುವ ಹಾಗಿದ್ದರೆ ಎರಡು ಪಾತ್ರೆ ಯಾಕೆ ಇಡಬೇಕು?

ಇನ್ನು ಕೇಕಿನ ವಿಷಯ.

ಸಿಂಗಪುರದಲ್ಲಿ ಎಲ್ಲೆಡೆ ಕಾಣುವ ಕ್ಯಾಂಟನೀಸ್ ಮೂನ್‌ಕೇಕಿನ ನಡುವೆ ಉಪ್ಪು ಹಾಕಿಟ್ಟ ಬಾತುಕೋಳಿ ಮೊಟ್ಟೆಯ ಹಳದಿ ಇರುತ್ತದೆ. ಕತ್ತರಿಸಿದಾಗ ಹುಣ್ಣಿಮೆ ಚಂದ್ರ ಕಾಣಲಿ ಅಂತ. ಕೇಕ್ ವಿಪರೀತ ಸಿಹಿ. ಹಳದಿ ಉಪ್ಪುಪ್ಪು, ಎಣ್ಣೆ ಎಣ್ಣೆ. ಇವೆರಡೂ ಸೇರಿದಾಗಲೇ ಅದರ ಮಜಾ. ಹಳದಿ ತೆಗೆದರೆ ಬರೀ ಸಿಹಿ ಉಳಿಯುತ್ತದೆ, ಎರಡನೇ ತುಂಡು ಗಂಟಲಲ್ಲಿ ಇಳಿಯುವುದಿಲ್ಲ. ಸಸ್ಯಾಹಾರಿ ಬೇಕರಿಗಳು ಹೆಸರುಬೇಳೆಯಿಂದಲೋ ಕುಂಬಳಕಾಯಿಯಿಂದಲೋ ಹಳದಿ ಉಂಡೆ ಮಾಡಿ ಒಳಗಿಡುವುದುಂಟು. ಬಣ್ಣ ಸರಿಯಾಗಿಯೇ ಬರುತ್ತದೆ. ಆದರೆ ಉಪ್ಪಿನ ಕೆಲಸ ಯಾರು ಮಾಡಬೇಕು?

ನಮಗೆ ದಾರಿ ಸಿಕ್ಕಿದ್ದು ಜಪಾನಿ ಕಡೆಯ ಶೆಲ್ಫಿನಲ್ಲಿ. ಕ್ಯೋಟೋದಲ್ಲಿ ಹೊಸ ವರ್ಷಕ್ಕೆ ಹನಾಬಿರಾ ಮೋಚಿ ಅನ್ನುವ ಸಿಹಿ ಮಾಡುತ್ತಾರೆ. ಅದರ ಹೂರಣಕ್ಕೆ ಬಿಳಿ ಮಿಸೋ ಬೀಳುತ್ತದೆ. ಸಿಹಿಗೆ ಮಿಸೋ ಹೊಂದುತ್ತದೆ ಅನ್ನುವುದು ಅವರಿಗೆ ಹಳೇ ಮಾತು. ನಾವು ಹೆಸರುಬೇಳೆ ಬೇಯಿಸಿ, ನೀರು ಬಸಿದು, ಬಿಳಿ ಮಿಸೋ ಮತ್ತು ಚೂರು ಎಣ್ಣೆ ಹಾಕಿ ಗಟ್ಟಿಯಾಗುವವರೆಗೆ ಮಗುಚಿ ಉಂಡೆ ಕಟ್ಟುತ್ತೇವೆ. ಅದೇ ನಡುವಿನ ಚಂದ್ರ. ಬಾತುಕೋಳಿ ಹಳದಿಯ ರುಚಿಯೇ ಇದು ಅಂತ ಹೇಳುವುದಿಲ್ಲ. ಇದು ಬೇರೆ ರುಚಿ, ಒಳ್ಳೇ ರುಚಿ. ಹಳದಿಯೇ ಬೇಕು ಅನ್ನುವವರಿಗೆ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತದೆ, ಖಂಡಿತ ಕೊಳ್ಳಿ. ನಮಗೇನೂ ಬೇಜಾರಿಲ್ಲ.

ಹೂರಣ ತಾವರೆ ಬೀಜದ್ದೇ. ಒಣ ಬೀಜ ನೆನೆಸಿ, ಒಂದೊಂದನ್ನೂ ಬಿಡಿಸಿ, ಒಳಗಿನ ಹಸಿರು ಮೊಳಕೆ ತೆಗೆಯಬೇಕು. ಅದು ಕಹಿ. ನಾಲ್ಕು ಉಳಿದರೂ ಇಡೀ ಬಾಣಲೆಗೆ ಗೊತ್ತಾಗುತ್ತದೆ. ಆಮೇಲೆ ಬೇಯಿಸಿ, ನುಣ್ಣಗೆ ರುಬ್ಬಿ, ಸಕ್ಕರೆ ಹಾಕಿ, ಕಡಲೆಕಾಯಿ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ತಳ ಬಿಡುವವರೆಗೆ ಕೈಯಾಡಿಸುವುದು. ನಮ್ಮ ಬೇಕಿಂಗ್ ನೋಡಿಕೊಳ್ಳುವ ಆಂಟಿ ಸೌಟನ್ನು ನಡುವೆ ನಿಲ್ಲಿಸಿ ನೋಡುತ್ತಾರೆ. ಸೌಟು ಬೀಳದೆ ನಿಂತರೆ ಉರಿ ಆರಿಸುತ್ತಾರೆ. ಬೀಜ ಕಡಿಮೆ ಮಾಡಿ ಬಿಳಿ ಅವರೆಯ ಪೇಸ್ಟ್ ಬೆರೆಸಿದರೆ ಅರ್ಧ ಖರ್ಚು, ಅರ್ಧ ಶ್ರಮ ಉಳಿಯುತ್ತದೆ. ಆಂಟಿ ಒಪ್ಪುವುದಿಲ್ಲ, ನಾವೂ ಒತ್ತಾಯ ಮಾಡುವುದಿಲ್ಲ.

ಹೊರಗಿನ ಹಿಟ್ಟಿನಲ್ಲಿ ಬದಲಾವಣೆ ಇಲ್ಲ. ಮೈದಾ, ನಿಂಬೆರಸ ಹಾಕಿ ಕಾಯಿಸಿಟ್ಟ ಸಕ್ಕರೆ ಪಾಕ, ಎಣ್ಣೆ, ಚೂರು ಕ್ಷಾರದ ನೀರು. ಆ ಕ್ಷಾರದಿಂದಲೇ ಕೇಕಿಗೆ ಕಂದು ಬಣ್ಣ ಬರುವುದು. ಮೇಲೆ ಹಚ್ಚುತ್ತಿದ್ದ ಮೊಟ್ಟೆ ಬದಲು ಈಗ ಸೋಯಾ ಹಾಲಿಗೆ ಅದೇ ಪಾಕ ಬೆರೆಸಿ ಹಚ್ಚುತ್ತೇವೆ. ಹೊಳಪು ಸ್ವಲ್ಪ ಕಡಿಮೆ. ಅಂಗಡಿ ಗಾಜಿನ ಹಿಂದೆ ಮಿರಮಿರ ಮಿಂಚುವ ಕೇಕಿನ ಪಕ್ಕ ಇಟ್ಟರೆ ನಮ್ಮದು ಮಂಕಾಗಿ ಕಾಣಬಹುದು. ತಿನ್ನುವಾಗ ವ್ಯತ್ಯಾಸ ಗೊತ್ತಾಗುವುದಿಲ್ಲ.

ಯಾಮ್ (ಕೆಸುವಿನ ಗೆಡ್ಡೆ) ಹೂರಣದ ತಿಯೋಚ್ಯೂ ಚೀನೀಯರ ಕೇಕ್ ಇಷ್ಟಪಡುವವರಿಗೂ ಒಂದು ಮಾತು. ಪದರ ಪದರವಾಗಿ ಸುರುಳಿ ಸುತ್ತಿ ಬರುವ ಅದರ ಹೊರಭಾಗಕ್ಕೆ ಹಳೆಯ ಕ್ರಮದಲ್ಲಿ ಹಂದಿ ಕೊಬ್ಬೇ ಬೇಕು. ಹೂರಣಕ್ಕೆ ಸಣ್ಣ ಈರುಳ್ಳಿ ಕರಿದ ಎಣ್ಣೆ ಬೀಳುತ್ತದೆ. ಎರಡನ್ನೂ ಬಿಟ್ಟರೆ ಆ ಪರಿಮಳ ಬರುವುದಿಲ್ಲ. ಅರೆಬರೆ ಮಾಡುವುದಕ್ಕಿಂತ ಬೇಡ ಅಂತ ಅದನ್ನು ನಿಲ್ಲಿಸಿದ್ದೇವೆ.

ಸ್ನೋಸ್ಕಿನ್ ಬಗೆ ಇನ್ನು ಇಲ್ಲಿ ಕೂತು ತಿನ್ನುವವರಿಗೆ ಮಾತ್ರ. ಮಾಚಾ ಅನ್ನುವ ಹಸಿರು ಚಹಾ ಪುಡಿ ಬೆರೆಸಿದ ಅಂಟು ಅಕ್ಕಿಯ ಹೊದಿಕೆ, ಒಳಗೆ ಅಜುಕಿ ಕಾಳಿನ ಹೂರಣ. ಅದನ್ನು ಬೇಯಿಸಿದ ಹಿಟ್ಟಿನಿಂದ ಮಾಡಿ ಫ್ರಿಜ್ಜಿನಲ್ಲಿಡುತ್ತೇವೆ, ಓವನ್ನಿಗೆ ಹೋಗುವುದಿಲ್ಲ. ಈ ಊರಿನ ಸೆಕೆಯಲ್ಲಿ ಎಂಆರ್‌ಟಿ ರೈಲು ಹತ್ತಿ, ಬಸ್ಸು ಬದಲಿಸಿ ಮನೆ ಮುಟ್ಟುವಷ್ಟರಲ್ಲಿ ಬೆವತು ಅಂಟಂಟಾಗಿರುತ್ತದೆ.

ಕೇಕಿನ ಗಾತ್ರವೂ ಚಿಕ್ಕದಾಗಿದೆ. 180 ಗ್ರಾಮಿನ ದೊಡ್ಡ ಕೇಕ್ ನಾಲ್ಕು ಇರುತ್ತಿದ್ದ ಡಬ್ಬಿ ಹೋಗಿ 60 ಗ್ರಾಮಿನ ಎಂಟು ಬರುತ್ತವೆ. ದರ ಹೋದ ವರ್ಷದ್ದೇ. ಗ್ರಾಂ ಲೆಕ್ಕ ಹಾಕಿದರೆ ಜಾಸ್ತಿಯಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಬೀಜ ಬಿಡಿಸುವ ಕೈಗಳಿಗೆ ಈ ವರ್ಷ ಸಂಬಳ ಏರಿಸಿದ್ದೇವೆ. ಇನ್ನೊಂದು ಕಾರಣವೂ ಇದೆ. ದೊಡ್ಡ ಕೇಕನ್ನು ನಾಲ್ಕೋ ಎಂಟೋ ತುಂಡು ಮಾಡಿ ಮನೆಮಂದಿ ಹಂಚಿಕೊಳ್ಳುವುದು ಕ್ರಮ. ಇಬ್ಬರೇ ಇರುವ ಮನೆಗಳಲ್ಲಿ ಅದು ವಾರಗಟ್ಟಲೆ ಫ್ರಿಜ್ಜಿನಲ್ಲಿ ಕೂತಿರುತ್ತದೆ. ಚಿಕ್ಕದಾದರೆ ಒಂದು ಸಂಜೆಗೆ ಒಂದು.

ಈಗ ಊಟದ ಕಡೆ ಬರೋಣ. ನಮಗೆ ಜಾಸ್ತಿ ಖುಷಿ ಕೊಟ್ಟ ಕೆಲಸ ಇದೇ.

ಮೀನು ಬಿಟ್ಟ ಮೇಲೆ ದಾಶಿಗೆ ಉಳಿಯುವುದು ಎರಡು ಸಾಮಾನು. ಕೊಂಬು ಅನ್ನುವ ಕಡಲಪಾಚಿ, ಒಣ ಶಿಟಾಕೆ ಅಣಬೆ. ಕೊಂಬುವನ್ನು ತಣ್ಣೀರಲ್ಲಿ ನೆನೆಸಿ, ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಪಾತ್ರೆಯ ಅಂಚಲ್ಲಿ ಗುಳ್ಳೆ ಏಳುವ ಮೊದಲೇ ತೆಗೆಯಬೇಕು. ಕುದಿಸಿದರೆ ಲೋಳೆಯೂ ಬರುತ್ತದೆ, ಸಮುದ್ರದ ವಾಸನೆಯೂ ಬರುತ್ತದೆ. ಅಣಬೆ ರಾತ್ರಿಯಿಡೀ ಫ್ರಿಜ್ಜಿನಲ್ಲಿ ತಣ್ಣೀರಲ್ಲೇ ನೆನೆಯಬೇಕು. ಬಿಸಿನೀರು ಹಾಕಿ ಅವಸರ ಮಾಡಿದರೆ ಕಹಿ. ಎರಡನ್ನೂ ಬೆರೆಸಿ ಒಂದು ಚಮಚ ಕುಡಿದು ನೋಡಿ, ಬೇರೆ ಬೇರೆ ಕುಡಿದಾಗ ಇಲ್ಲದ ಗಟ್ಟಿ ರುಚಿ ಬಾಯಿಗೆ ಬರುತ್ತದೆ. ಇದಕ್ಕೆ ಕಾರಣ ಇದೆ. ಕೊಂಬುವಿನ ರುಚಿ ಗ್ಲುಟಮೇಟಿನದು ಅಂತ ಟೋಕಿಯೋದ ವಿಜ್ಞಾನಿ ಕಿಕುನಾಯೆ ಇಕೆಡಾ 1908ರಲ್ಲಿ ಕಂಡುಕೊಂಡರು, ಅದಕ್ಕೆ ಉಮಾಮಿ ಅಂತ ಹೆಸರಿಟ್ಟವರೂ ಅವರೇ. ಒಣ ಶಿಟಾಕೆಯಲ್ಲಿರುವ ಗ್ವಾನಿಲೇಟ್ ಇದರ ಜೊತೆ ಸೇರಿದರೆ ನಾಲಗೆಗೆ ಆ ರುಚಿ ಹಲವು ಪಟ್ಟು ಹೆಚ್ಚಾಗಿ ತಾಗುತ್ತದೆ.

ಈ ಕಟ್ಟಿನಿಂದ ಮಾಡುವ ಹುಣ್ಣಿಮೆ ತಟ್ಟೆಯಲ್ಲಿ ಮೊದಲು ಬರುವುದು ಗೋಮಾದೋಫು. ಹೆಸರು ತೋಫುವಿನದಾದರೂ ಅದರಲ್ಲಿ ಸೋಯಾ ಇಲ್ಲ. ಎಳ್ಳಿನ ಪೇಸ್ಟ್ ಮತ್ತು ಕುಜು ಗೆಡ್ಡೆಯ ಹಿಟ್ಟು ಕಲಸಿ, ಬಿಡದೆ ಮಗುಚಿ, ಅಚ್ಚಿಗೆ ಸುರಿದು ತಣ್ಣಗಾಗಿಸುವುದು. ಆಮೇಲೆ ಮಿಸೋ ಸವರಿ ಸುಟ್ಟ ಬದನೆಕಾಯಿ, ಶಿಸೋ ಎಲೆ ಮತ್ತು ಬೆಂಡೆಕಾಯಿ ಟೆಂಪುರಾ, ನಿಮ್ಮೆಲ್ಲರ ಅಗೆದಾಶಿ ತೋಫು.

ಕೊನೆಗೆ ಸೋಬಾ. ಜಪಾನಿನಲ್ಲಿ ತ್ಸುಕಿಮಿ ಸೋಬಾ ಅಂದರೆ ಬಿಸಿ ಸಾರಿನ ನೂಡಲ್ಸ್ ಮೇಲೆ ಹಸಿ ಮೊಟ್ಟೆ ಒಡೆದು ಹಾಕಿರುತ್ತಾರೆ. ಹಳದಿ ಚಂದ್ರ, ಬಿಳಿ ಮೋಡ. ನಮ್ಮ ಬಟ್ಟಲಲ್ಲಿ ಮೋಡ ಅಂದರೆ ನಾಗೈಮೋ ಗೆಡ್ಡೆಯ ತುರಿ, ಲೋಳೆ ಲೋಳೆಯಾಗಿ ನೊರೆಯ ಹಾಗಿರುತ್ತದೆ. ಚಂದ್ರ ಅಂದರೆ ದಾಶಿಯಲ್ಲಿ ಬೇಯಿಸಿ ದುಂಡಗೆ ಕತ್ತರಿಸಿದ ಕುಂಬಳಕಾಯಿ. ಹಿಂದೆ ಕರೀ ನೋರಿ (ಕಡಲಪಾಚಿ) ಹಾಳೆ ನಿಲ್ಲಿಸುತ್ತೇವೆ. ಫೋಟೋ ತೆಗೆಯುವವರು ಬೇಗ ತೆಗೆಯಿರಿ, ನೋರಿ ಸಾರಲ್ಲಿ ನೆನೆದು ಮಡಚಿಕೊಳ್ಳುತ್ತದೆ. ಸೋಬಾದಲ್ಲಿ ಬಕ್‌ವೀಟ್ (ಕುಟ್ಟು ಧಾನ್ಯ) 80 ಭಾಗ, ಗೋಧಿ 20 ಭಾಗ. ಜಪಾನಿ ಅಡುಗೆಗೆ ಹಾಕುವ ಸಿಹಿ ರಸ ಮಿರಿನ್‌ನಲ್ಲಿ ಮದ್ಯ ಇರುವುದರಿಂದ ಅದನ್ನೂ ಬಿಟ್ಟಿದ್ದೇವೆ.

ಹಬೆಯಲ್ಲಿ ಬೇಯಿಸುವ ಮೊಟ್ಟೆಯ ತಿನಿಸು ಚವನ್‌ಮುಶಿ ಮಾತ್ರ ಹೋಯಿತು. ಮೊಟ್ಟೆಯಿಲ್ಲದೆ ಅದನ್ನು ಮಾಡುವುದು ಬರೀ ನಾಟಕ.

ಜಪಾನಿ ಊಟಕ್ಕೂ ಮೂನ್‌ಕೇಕಿಗೂ ಏನು ಸಂಬಂಧ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಹಬ್ಬ ಚೀನಾದ್ದು, ಚಂದ್ರನನ್ನು ನೋಡುವ ರಾತ್ರಿ ಇಬ್ಬರದೂ ಒಂದೇ. ಇನ್ನೂ ಒಂದು ಕಥೆ ಇದೆ. ಟೋಕಿಯೋದ ಶಿಂಜುಕುವಿನಲ್ಲಿ ನಕಮುರಾಯಾ ಅನ್ನುವ ಹಳೆಯ ಅಂಗಡಿ ಇದೆ. 1927ರಲ್ಲಿ ಅವರು ಮೂನ್‌ಕೇಕನ್ನೂ ಭಾರತದ ಕರಿಯನ್ನೂ ಮಾರಾಟಕ್ಕೆ ಇಟ್ಟರು. ಕರಿ ಹೇಳಿಕೊಟ್ಟವರು ಬ್ರಿಟಿಷರಿಂದ ತಪ್ಪಿಸಿಕೊಂಡು ಜಪಾನಿಗೆ ಹೋಗಿದ್ದ ರಾಸ್ ಬಿಹಾರಿ ಬೋಸ್. ಆ ಅಂಗಡಿಯ ದಂಪತಿ ಅವರನ್ನು ಬಚ್ಚಿಟ್ಟು ಕಾಪಾಡಿ, ಮಗಳನ್ನೂ ಕೊಟ್ಟು ಮದುವೆ ಮಾಡಿದ್ದರು. ಅದೇ ಬೋಸ್ 1943ರ ಜುಲೈ 4ರಂದು ನಮ್ಮ ಈ ಸಿಂಗಪುರದ ಕ್ಯಾಥೆ ಕಟ್ಟಡದಲ್ಲಿ ಹೋರಾಟದ ನಾಯಕತ್ವವನ್ನು ಸುಭಾಷ್ ಚಂದ್ರ ಬೋಸರಿಗೆ ಒಪ್ಪಿಸಿದರು. ಹಾಗಾಗಿ ಸಂಬಂಧ ಇಲ್ಲ ಅನ್ನಬೇಡಿ!

ಊಟ 25 ಮತ್ತು 26, ಎರಡೂ ರಾತ್ರಿ ಇದೆ. ಹಬ್ಬ 25ಕ್ಕೆ ಆದರೂ ಈ ಸಲ ಚಂದ್ರ ಪೂರ್ತಿ ತುಂಬುವುದು 26ರ ಶನಿವಾರ ರಾತ್ರಿ ಹನ್ನೆರಡು ದಾಟಿದ ಮೇಲೆ. ಸಾಧ್ಯವಿದ್ದವರು ಶನಿವಾರಕ್ಕೆ ಬನ್ನಿ, ಶುಕ್ರವಾರ ಬೇಗ ತುಂಬಿಹೋಗುತ್ತದೆ. ಊಟದ ಕೊನೆಗೆ ಸಕ್ಕರೆ ಇಲ್ಲದ ಚಹಾ, ಚಿಕ್ಕ ಮೂನ್‌ಕೇಕ್, ಮಲೇಷ್ಯಾದ ಇಪೋದಿಂದ ತರಿಸಿದ ಚಕ್ಕೋತ. ದೇವನಹಳ್ಳಿಯ ಚಕ್ಕೋತ ತಿಂದು ಬೆಳೆದವರು ಮೂಗು ಮುರಿಯಬಹುದು. ಆದರೂ ಕೇಕಿನ ಸಿಹಿಯ ಮೇಲೆ ಆ ಹುಳಿ ಬೇಕೇ ಬೇಕು.

ಕೇಕ್ ಆರ್ಡರ್ ಸೆಪ್ಟೆಂಬರ್ 15ರವರೆಗೆ. ಅದಾದ ಮೇಲೆ ಬೇಡ ಅನ್ನುವುದು ಹಠಕ್ಕಲ್ಲ. ಓವನ್ನಿನಿಂದ ತೆಗೆದ ದಿನ ಕೇಕ್ ಗಟ್ಟಿಯಾಗಿ, ಒಣಒಣವಾಗಿರುತ್ತದೆ. ಎರಡು ಮೂರು ದಿನ ಮುಚ್ಚಿಟ್ಟರೆ ಹೂರಣದ ಎಣ್ಣೆ ಹೊರಗಿನ ಹಿಟ್ಟಿಗೆ ಇಳಿದು ಮೆತ್ತಗಾಗುತ್ತದೆ. ಆಮೇಲೇ ಡಬ್ಬಿಗೆ ಹಾಕುತ್ತೇವೆ. ಡಬ್ಬಿ ಈ ಸಲ ಸಾದಾ ಕಾಗದದ್ದು. ರೇಷ್ಮೆ ಬಟ್ಟೆಯ ಹಳೇ ಡಬ್ಬಿ ನಿಮ್ಮಲ್ಲಿದ್ದರೆ ತನ್ನಿ, ಅದರಲ್ಲೇ ತುಂಬಿಸಿ ಕೊಡುತ್ತೇವೆ.

ಅಲರ್ಜಿ ಇರುವವರು ಗಮನಿಸಿ: ಕಡಲೆಕಾಯಿ ಎಣ್ಣೆ, ಎಳ್ಳು, ಸೋಯಾ, ಗೋಧಿ, ಬಕ್‌ವೀಟ್ ಎಲ್ಲವೂ ಒಂದೇ ಅಡುಗೆಮನೆಯಲ್ಲಿ ಓಡಾಡುತ್ತವೆ. ಯಾವುದಾದರೂ ಒಗ್ಗದಿದ್ದರೆ ಆರ್ಡರ್ ಮಾಡುವಾಗಲೇ ಹೇಳಿ. ಈಗಾಗಲೇ ಹಳದಿ ಹಾಕಿದ ಕೇಕಿಗೆ ಮುಂಗಡ ಕೊಟ್ಟವರಿಗೆ ನಾವೇ ಫೋನ್ ಮಾಡುತ್ತೇವೆ. ಹೊಸ ಕೇಕ್ ಬೇಕಾದರೆ ಅದು, ಬೇಡವಾದರೆ ಪೂರ್ತಿ ಹಣ ವಾಪಸ್.

ಇಂತಿ ನಿಮ್ಮ,
ಅಡುಗೆಮನೆಯ ಎಲ್ಲರೂ
ಸಿಂಗಪುರ